ಹೆಸರಿಲ್ಲದ ಗುಳಿಗೆ, ಕನ್ನಡವಿಲ್ಲದ ಹೊದಿಕೆ

ವೋಚರಿಲ್ಲದ ಖರ್ಚನ್ನು ಒಪ್ಪಬಾರದೆಂಬುದು ಕೇಂದ್ರ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದ ನನಗೆ ವೃತ್ತಿ ಕಲಿಸಿದ ಮೊದಲ ಪಾಠ. ಮೊತ್ತ ಎಷ್ಟೇ ಸಣ್ಣದಿರಲಿ, ಎದುರಿಗೆ ಕುಳಿತವರು ಎಷ್ಟೇ ಸಜ್ಜನರಿರಲಿ, ಕಾಗದವಿಲ್ಲದೆ ಅದು ಯಾವ ಬಾಬಿನ ಖರ್ಚೆಂದು ಊಹಿಸಿ ಬರೆಯುವ ಅಧಿಕಾರ ನಮಗಿಲ್ಲ. ಕಚೇರಿಯಲ್ಲಿ ಇಷ್ಟು ಬಿಗಿಯಾಗಿ ಪಾಲಿಸಿದ ನಿಯಮವನ್ನು ನಾನು ಮನೆಯಲ್ಲಿ, ಅದೂ ಹೆತ್ತ ತಾಯಿಯ ಔಷಧಿಯ ವಿಷಯದಲ್ಲಿ ಮರೆತೆ. ಅದರಿಂದ ಏನಾಯಿತೆಂಬುದನ್ನು ಓದುಗರ ಮುಂದಿಡಲು ಸಂಕೋಚವಾಗುತ್ತದೆ. ಆದರೂ ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಊರಿನಿಂದ ಬಂದ ಹಿರಿಯ ಜೀವವೊಂದು ಇರುವುದರಿಂದ, ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

2022ರ ಜನವರಿಯಲ್ಲಿ ತಂದೆಯವರು ಗದಗಿನಲ್ಲಿ ತೀರಿಕೊಂಡ ಮೇಲೆ ಅವ್ವನನ್ನು ಪುಣೆಗೆ ಕರೆತಂದೆ. ಆಗ ಅವಳಿಗೆ ಎಪ್ಪತ್ತೆಂಟು. ರಕ್ತದೊತ್ತಡವೊಂದನ್ನು ಬಿಟ್ಟರೆ ಬೇರೆ ಕಾಯಿಲೆಯಿರಲಿಲ್ಲ. ಸಾಮಾನು ಕಟ್ಟುವಾಗ ಅವಳ ಗುಳಿಗೆಯ ಸ್ಟ್ರಿಪ್‌ಗಳು ಚೀಲದಲ್ಲಿ ವೃಥಾ ಜಾಗ ತಿನ್ನುತ್ತವೆಂದು, ಒಂದೊಂದನ್ನೂ ಒತ್ತಿ ತೆಗೆದು ಸ್ಟೀಲಿನ ಡಬ್ಬಿಯೊಂದಕ್ಕೆ ತುಂಬಿದವನು ನಾನೇ. ಖಾಲಿ ಸ್ಟ್ರಿಪ್‌ಗಳನ್ನು ಕಸಕ್ಕೆ ಹಾಕಿದವನೂ ನಾನೇ. ನನ್ನನ್ನು ನೋಡಿ ಅವ್ವ, ತಂದೆಯವರ ತಲೆದಿಂಬಿನ ಬಳಿ ಉಳಿದಿದ್ದ ಅವರ ಗುಳಿಗೆಗಳನ್ನೂ ಹಾಗೆಯೇ ಬಿಡಿಸಿ, ಕಾಗದದ ಪೊಟ್ಟಣ ಕಟ್ಟಿ, ಅದೇ ಡಬ್ಬಿಯ ತಳದಲ್ಲಿ ಇಟ್ಟುಕೊಂಡಿದ್ದಳು. ಅದು ನನಗೆ ತಿಳಿದದ್ದು ಏಳು ತಿಂಗಳ ನಂತರ. ಏಕೆ ಇಟ್ಟುಕೊಂಡಿದ್ದೆಯೆಂದು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ರೊಕ್ಕಾ ಕೊಟ್ಟು ತಂದದ್ದಲ್ಲೇನಪಾ, ಯಾರಿಗರೆ ಬೇಕಾಗತಾವ." ಪುಣೆಯಲ್ಲಿಯೂ ತಿಂಗಳಿಗೊಮ್ಮೆ ಹೊಸ ಗುಳಿಗೆಗಳನ್ನು ಅದೇ ಡಬ್ಬಿಗೆ ಸುರಿಯುವ ರೂಢಿ ಮುಂದುವರಿಯಿತು. ತಳದ ಪೊಟ್ಟಣ ಯಾವಾಗ ಬಿಚ್ಚಿಕೊಂಡಿತೋ ಯಾರಿಗೂ ತಿಳಿಯದು.

ಆ ವರ್ಷದ ಒಂದು ಶ್ರಾವಣ ಸೋಮವಾರ. ಅವ್ವನಿಗೆ ಉಪವಾಸ. ಬೆಳಗ್ಗೆ ಪೂಜೆ ಮುಗಿಸಿ, ಎಂದಿನಂತೆ ಡಬ್ಬಿಯಿಂದ ಬಿಳಿಯ ಗುಳಿಗೆಯೊಂದನ್ನು ತೆಗೆದು ನೀರಿನೊಡನೆ ನುಂಗಿದ್ದಾಳೆ. ಹನ್ನೊಂದು ಗಂಟೆಯ ಸುಮಾರಿಗೆ ಕಚೇರಿಗೆ ನನ್ನ ಶ್ರೀಮತಿಯ ಫೋನು ಬಂತು. ಅತ್ತೆಯವರ ಮೈಯೆಲ್ಲ ಬೆವರಿ ತಣ್ಣಗಾಗಿದೆ, ಮಾತು ತೊದಲುತ್ತಿದೆ, ಸೊಸೆಯನ್ನೇ ಗುರುತಿಸದೆ "ನೀ ಯಾರ ಪೈಕಿ ತಂಗಿ?" ಎಂದು ಕೇಳುತ್ತಿದ್ದಾರೆ. ಪಾರ್ಶ್ವವಾಯುವೆಂದೇ ನಾವು ಭಾವಿಸಿದೆವು. ಆಸ್ಪತ್ರೆಯಲ್ಲಿ ಬೆರಳ ತುದಿಯ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣ 38. ಅದು 70ಕ್ಕಿಂತ ಕೆಳಗಿಳಿದರೇ ಎಚ್ಚರಗೊಳ್ಳಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅವ್ವ ಕಣ್ಣು ಬಿಟ್ಟು, "ನನಗೇನಾಗೇತಪಾ? ಸೋಮಾರದ ಉಪಾಸ ಇದ್ದೆ, ಅಷ್ಟ" ಎಂದಳು.

ಸಕ್ಕರೆ ಕಾಯಿಲೆಯಿಲ್ಲದ ವೃದ್ಧೆಗೆ, ಅರ್ಧ ದಿನದ ಉಪವಾಸ ಮಾತ್ರದಿಂದ ಹೀಗಾಗುವುದಿಲ್ಲವೆಂದು ವೈದ್ಯರು ತಿಳಿದಿದ್ದರು. ಏನು ನುಂಗಿದ್ದಾರೆಂದು ಕೇಳಿದರು. ಶ್ರೀಮತಿ ತಂದಿದ್ದ ಡಬ್ಬಿಯನ್ನು ಅವರ ಮೇಜಿನ ಮೇಲೆ ಸುರಿದೆ. ಎಲ್ಲವೂ ಬಿಳಿ, ಎಲ್ಲವೂ ದುಂಡಗೆ, ಕೆಲವಕ್ಕೆ ನಡುವೆ ಒಂದು ಗೆರೆ. ಅವರು ಒಂದೆರಡನ್ನು ಬೆರಳಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟರು. "ಇವನ್ನು ನೋಡಿ ಹೇಳಲು ನನಗೆ ಬರುವುದಿಲ್ಲ, ಯಾರಾದರೂ ಹೇಳಿದರೆ ನೀವು ನಂಬಲೂಬೇಡಿ. ಸ್ಟ್ರಿಪ್ ಎಲ್ಲಿ?" ಎಂದರು. ಸ್ಟ್ರಿಪ್ ಗದಗಿನ ಕಸದ ತೊಟ್ಟಿಯಲ್ಲಿ ಏಳು ತಿಂಗಳ ಹಿಂದೆಯೇ ಹೋಗಿತ್ತು.

ಕೊನೆಗೆ ನೆರವಿಗೆ ಬಂದದ್ದು ತಂದೆಯವರ ಕಡತ. ಅವರು ಔಷಧಿ ಅಂಗಡಿಯ ಬಿಲ್ಲುಗಳನ್ನೆಲ್ಲ ದಾರ ಹಾಕಿ ಕಟ್ಟಿಡುತ್ತಿದ್ದರು. ಮಗಳು ಮನೆಯಲ್ಲಿ ಅದನ್ನು ಹುಡುಕಿ ಫೋನಿನಲ್ಲಿ ಓದಿದಳು. ಗ್ಲಿಬೆನ್‌ಕ್ಲಮೈಡ್, 5 ಮಿಲಿಗ್ರಾಂ. ಇದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುವಂತೆ ಮಾಡುವ ಹಳೆಯ ಔಷಧಿ. ಊಟ ಮಾಡಿರಲಿ, ಬಿಟ್ಟಿರಲಿ, ಅದು ತನ್ನ ಕೆಲಸ ಮಾಡುತ್ತದೆ. ವಯಸ್ಸಾದವರ ದೇಹದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಹೆಸರು ತಿಳಿದ ಕೂಡಲೇ ವೈದ್ಯರು ಅವ್ವನನ್ನು ಮನೆಗೆ ಕಳಿಸುವ ಮಾತನ್ನು ಬಿಟ್ಟು ವಾರ್ಡಿಗೆ ಸೇರಿಸಿದರು. ಅವರೆಣಿಕೆ ನಿಜವಾಯಿತು. ಆ ರಾತ್ರಿ ಎರಡು ಗಂಟೆಗೆ ಸಕ್ಕರೆ ಮತ್ತೊಮ್ಮೆ ಇಳಿಯಿತು. ಹೆಸರು ತಿಳಿಯದೆ ಹೋಗಿದ್ದರೆ, ಸಂಜೆಗೆ ಚೇತರಿಸಿಕೊಂಡಳೆಂದು ಮನೆಗೆ ಕರೆತಂದಿದ್ದರೆ, ಆ ಎರಡು ಗಂಟೆಗೆ ನಾವೆಲ್ಲ ನಿದ್ದೆಯಲ್ಲಿರುತ್ತಿದ್ದೆವು.

ಅವ್ವ ಉಳಿದಳು. ಆದರೆ ಅವಳು ಗುಣವಾಗಿ ಬಂದ ಮೇಲೆ ನನಗೊಂದು ಹಟ ಹಿಡಿಯಿತು. ಡಬ್ಬಿಯಲ್ಲಿ ಉಳಿದ ಗುಳಿಗೆಗಳಲ್ಲಿ ಯಾವುದು ಏನೆಂದು ಕಂಡುಹಿಡಿಯಲೇಬೇಕೆಂದು ಹೊರಟೆ. ಒಂದೇ ಗುಳಿಗೆಯನ್ನು ಎರಡು ಅಂಗಡಿಗಳಲ್ಲಿ ತೋರಿಸಿದೆ. ಒಬ್ಬರು ರಕ್ತದೊತ್ತಡದ್ದಿರಬೇಕೆಂದರು, ಇನ್ನೊಬ್ಬರು ಅಲರ್ಜಿಯದೆಂದರು. ಇಬ್ಬರೂ ಉಪಕಾರ ಮಾಡುವ ಮನಸ್ಸಿನಿಂದಲೇ ಹೇಳಿದರು. ಮಗಳು ಮೊಬೈಲಿನಲ್ಲಿ ಚಿತ್ರ ತೆಗೆದು ಹುಡುಕಿದಳು. ಅದು ಅರೆಕ್ಷಣದಲ್ಲಿ, ಕಿಂಚಿತ್ತೂ ಅನುಮಾನವಿಲ್ಲದೆ, ಅಮೆರಿಕದ ಯಾವುದೋ ಕಂಪನಿಯ ನೋವುನಿವಾರಕದ ಹೆಸರು ಹೇಳಿತು. ಮೂರು ಉತ್ತರ, ಒಂದು ಗುಳಿಗೆ!

ಹೀಗೇಕಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾಗಿ 1995ರಲ್ಲಿ ಜಾರಿಗೆ ಬಂದ ನಿಯಮವೊಂದಿದೆ. ಅದರಂತೆ ಅಲ್ಲಿ ಮಾರುವ ಗುಳಿಗೆ, ಕ್ಯಾಪ್ಸೂಲುಗಳ ಮೈಮೇಲೆಯೇ ಒಂದು ಸಂಕೇತ ಅಚ್ಚಾಗಿರಬೇಕು. ಆ ಸಂಕೇತವನ್ನು ಆಕಾರ, ಅಳತೆ, ಬಣ್ಣಗಳೊಡನೆ ಸೇರಿಸಿ ನೋಡಿದರೆ ಅದು ಯಾವ ಔಷಧಿ, ಯಾರು ತಯಾರಿಸಿದ್ದು ಎಂಬುದು ಖಚಿತವಾಗಿ ತಿಳಿಯಬೇಕು. ಅಲ್ಪಸ್ವಲ್ಪ ವಿನಾಯಿತಿಗಳಿವೆಯಾದರೂ ನಿಯಮದ ಆಶಯ ಸ್ಪಷ್ಟ: ಗುಳಿಗೆ ಹೊದಿಕೆಯಿಂದ ಬೇರ್ಪಟ್ಟರೂ ತನ್ನ ಹೆಸರನ್ನು ತಾನೇ ಹೇಳಬೇಕು. ಗುಳಿಗೆ ಗುರುತಿಸುವ ಪುಸ್ತಕಗಳೂ ಮೊಬೈಲ್ ಸಾಧನಗಳೂ ಅಲ್ಲಿ ಬೆಳೆದದ್ದು ಈ ತಳಹದಿಯ ಮೇಲೆ.

ನಮ್ಮಲ್ಲಿ ಆ ತಳಹದಿಯೇ ಇಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, ಅದರಡಿ 1945ರಲ್ಲಿ ಬಂದ ನಿಯಮಗಳು ಹೊದಿಕೆಯ ಬಗ್ಗೆ ವಿಸ್ತಾರವಾಗಿ ಹೇಳುತ್ತವೆ. ಔಷಧಿಯ ಹೆಸರು, ಪ್ರಮಾಣ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ ಇವೆಲ್ಲ ಅದರ ಮೇಲಿರಬೇಕು. ಗುಳಿಗೆಯ ಮೈಮೇಲೆ ಗುರುತಿರಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ಕೆಲವು ಕಂಪನಿಗಳು ತಮ್ಮ ಇಚ್ಛೆಯಿಂದ ಅಚ್ಚು ಹಾಕುತ್ತವೆ, ಹಲವು ಹಾಕುವುದಿಲ್ಲ. ಒಂದೇ ಔಷಧಿಯನ್ನು ಅನೇಕ ಕಂಪನಿಗಳು ಬೇರೆ ಬೇರೆ ಬಣ್ಣ, ಆಕಾರಗಳಲ್ಲಿ ತಯಾರಿಸುತ್ತವೆ. ಒಂದೇ ಬಣ್ಣ, ಆಕಾರದಲ್ಲಿ ಬೇರೆ ಬೇರೆ ಔಷಧಿಗಳೂ ಬರುತ್ತವೆ. ಆದ್ದರಿಂದ ಭಾರತದಲ್ಲಿ ಸ್ಟ್ರಿಪ್ಪಿನಿಂದ ಹೊರಬಿದ್ದ ಬಿಳಿ ಗುಳಿಗೆಗೆ ವೋಚರಿಲ್ಲ. ಅದನ್ನು ಕಣ್ಣಿನಿಂದ ಗುರುತಿಸುತ್ತೇನೆನ್ನುವವರು ವೈದ್ಯರಾಗಲಿ, ಅಂಗಡಿಕಾರರಾಗಲಿ, ಯಂತ್ರವಾಗಲಿ, ಊಹಿಸುತ್ತಿದ್ದಾರೆ ಅಷ್ಟೆ.

ಊಹೆ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ವೈದ್ಯರೆಲ್ಲ ಬಲ್ಲ ಒಂದು ಉದಾಹರಣೆ ಕೊಡುತ್ತೇನೆ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಅದರ ದುಷ್ಪರಿಣಾಮ ತಗ್ಗಿಸಲು ಬೇರೆ ದಿನಗಳಲ್ಲಿ ಫೋಲಿಕ್ ಆಮ್ಲದ ಗುಳಿಗೆ ಕೊಡುತ್ತಾರೆ. ಎರಡೂ ಎಷ್ಟೋ ಸಲ ಚಿಕ್ಕದಾಗಿ, ಹಳದಿ ಬಣ್ಣದಲ್ಲಿ ಬರುತ್ತವೆ. ಅದಲು ಬದಲಾಗಿ ಮೆಥೋಟ್ರೆಕ್ಸೇಟನ್ನು ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ಅಸ್ಥಿಮಜ್ಜೆ ಕುಗ್ಗಿ, ಪ್ರಾಣವೇ ಹೋಗಬಹುದು. ಹಾಗೆ ಹೋಗಿರುವುದೂ ಉಂಟು. ಇನ್ನು ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ ಅಜ್ಜನ ಸಕ್ಕರೆ ಕಾಯಿಲೆಯ ಒಂದೇ ಗುಳಿಗೆ ನೆಲಕ್ಕೆ ಬಿದ್ದಿದ್ದರೂ ಸಾಕು, ಎರಡು ವರ್ಷದ ಕೂಸಿಗೆ ಅದು ಗಂಡಾಂತರ.

ಇಷ್ಟರವರೆಗೆ ಹೇಳಿದ್ದು ಎಲ್ಲ ಭಾರತೀಯರಿಗೂ ಅನ್ವಯಿಸುವ ಮಾತು. ಹೊರನಾಡ ಕನ್ನಡಿಗರಾದ ನಮಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಈ ಪತ್ರಿಕೆಗೆ ನಾನು ಬರೆಯಲು ಮುಖ್ಯ ಕಾರಣ ಅದೇ.

ನನ್ನ ಅವ್ವ ಅನಕ್ಷರಸ್ಥೆಯಲ್ಲ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು, ಇಂದಿಗೂ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವಳು. ಆದರೆ ನಮ್ಮ ಮನೆಗೆ ಬಂದ ಔಷಧಿಯ ಹೊದಿಕೆಗಳನ್ನು ನಾನು ಒಂದೊಂದಾಗಿ ಪರಿಶೀಲಿಸಿದೆ. ಎಲ್ಲದರ ಮೇಲೂ ಇಂಗ್ಲಿಷ್. ಕೆಲವದರ ಮೇಲೆ ಜೊತೆಗೆ ಹಿಂದಿ. ಕನ್ನಡವಿದ್ದ ಒಂದೂ ಸಿಗಲಿಲ್ಲ. ಕರ್ನಾಟಕದೊಳಗೆ ಇರುವಾಗ ಅಂಗಡಿಯ ಹುಡುಗ "ಅಮ್ಮಾರೆ, ಇದು ಮುಂಜಾನೆದ್ದು, ಇದು ರಾತ್ರಿದ್ದು" ಎಂದು ಬಾಯಿಮಾತಿನಲ್ಲಿ ಆ ಕೊರತೆ ತುಂಬುತ್ತಾನೆ. ಇಲ್ಲಿ ಅದೂ ಇಲ್ಲ. ಅಂಗಡಿಯಾತ ಕಾಗದದ ಲಕೋಟೆಯ ಮೇಲೆ ಮರಾಠಿ ಅಂಕಿಗಳಲ್ಲಿ ಬರೆದುಕೊಡುತ್ತಾನೆ. ಮರಾಠಿಯ ಒಂದರ ಅಂಕಿ, ಇಂಗ್ಲಿಷ್ ಅಂಕಿಗಳಿಗೆ ರೂಢಿಯಾದ ಕಣ್ಣಿಗೆ ಒಂಬತ್ತರಂತೆ ಕಾಣುತ್ತದೆಂಬುದು ಇಲ್ಲಿ ನೆಲೆಸಿದವರಿಗೆಲ್ಲ ಗೊತ್ತು. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ದೆಹಲಿಯಲ್ಲೋ ಇರುವ ಓದುಗರಿಗೆ ತಂತಮ್ಮ ಊರಿನ ಇಂಥ ಅನುಭವಗಳಿದ್ದೇ ಇರುತ್ತವೆ. ಹೀಗಾಗಿ ಅಕ್ಷರ ಬಲ್ಲ ನಮ್ಮ ಹಿರಿಯರು ಔಷಧಿಯ ಮುಂದೆ ನಿರಕ್ಷರಿಗಳಾಗುತ್ತಾರೆ. ಬೇರೆ ದಾರಿಯಿಲ್ಲದೆ ಬಣ್ಣ, ಆಕಾರಗಳನ್ನೇ ಅಕ್ಷರವೆಂದು ಓದುತ್ತಾರೆ. ಮುಂದಿನ ತಿಂಗಳು ಅಂಗಡಿಯವನು ಬೇರೆ ಕಂಪನಿಯ ಗುಳಿಗೆ ಕೊಟ್ಟರೆ ಆ ಅಕ್ಷರವೂ ಸುಳ್ಳಾಗುತ್ತದೆ.

ಈ ಸಂಗತಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಗಮನಕ್ಕೆ ಬಾರದೆ ಇಲ್ಲ. ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಔಷಧಿಗಳ ಹೆಸರಿನ ಸಾಮ್ಯದ ಬಗ್ಗೆ ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳ ನಡುವೆ ನಡೆದ ವ್ಯಾಜ್ಯದಲ್ಲಿ, 2001ರಲ್ಲಿ ನ್ಯಾಯಾಲಯ ಒಂದು ಮುಖ್ಯ ಮಾತು ಹೇಳಿತು. ಒಂದೇ ಸಾಮಾನ್ಯ ಭಾಷೆಯಿಲ್ಲದ, ಇಂಗ್ಲಿಷ್ ಬಲ್ಲವರು ಕೆಲವೇ ಮಂದಿಯಿರುವ ಈ ದೇಶದಲ್ಲಿ ಕೊಳ್ಳುವವನು ಹೆಸರಿನ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುತ್ತಾನೆಂದು ಭಾವಿಸುವುದು ವಾಸ್ತವಕ್ಕೆ ದೂರ, ಔಷಧಿಗಳ ವಿಷಯದಲ್ಲಂತೂ ಹೆಚ್ಚಿನ ಕಟ್ಟುನಿಟ್ಟು ಬೇಕು ಎಂಬುದು ಅದರ ಸಾರ. ಕಂಪನಿಗಳ ಜಗಳದಲ್ಲಿ ನ್ಯಾಯಾಲಯ ಕಂಡ ಈ ಸತ್ಯವನ್ನು ಆಡಳಿತ ತನ್ನ ನಿಯಮಗಳಲ್ಲಿ ಇನ್ನೂ ಪೂರ್ತಿಯಾಗಿ ಬರೆದುಕೊಂಡಿಲ್ಲ.

ಏನೂ ಆಗಿಲ್ಲವೆಂದು ಹೇಳುವುದು ನ್ಯಾಯವಲ್ಲ. ಬಹುತೇಕ ಔಷಧಿಗಳ ಮೂಲ ಹೆಸರನ್ನು ಕಂಪನಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮ 2018ರಲ್ಲಿ ಜಾರಿಗೆ ಬಂತು. 2023ರ ಆಗಸ್ಟ್ 1ರಿಂದ 300 ಹೆಸರಾಂತ ಬ್ರಾಂಡುಗಳ ಹೊದಿಕೆಯ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ಮೊಬೈಲಿನಿಂದ ಅದನ್ನು ಓದಿದರೆ ಹೆಸರು, ತಯಾರಕರು, ಬ್ಯಾಚ್, ಅವಧಿ ಎಲ್ಲ ತಿಳಿಯುತ್ತದೆ. ಸ್ವಾಗತಾರ್ಹವೇ. ಆದರೆ ಇವೂ ಹೊದಿಕೆಯ ಸುಧಾರಣೆಗಳೇ. ಅಂಗಡಿಯಲ್ಲಿ ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಗುಳಿಗೆ ಕೊಟ್ಟಾಗ, ಹೆಸರಿದ್ದ ಭಾಗ ಒಬ್ಬರ ಮನೆಗೆ, ಅವಧಿಯಿದ್ದ ಭಾಗ ಇನ್ನೊಬ್ಬರ ಮನೆಗೆ ಹೋಗುತ್ತದೆ. ಹಾಗೆಂದು ಕತ್ತರಿಸುವುದನ್ನೇ ನಿಷೇಧಿಸಿ ಎಂದು ನಾನು ಹೇಳಲಾರೆ. ಹತ್ತು ಗುಳಿಗೆಗೆ ದುಡ್ಡಿಲ್ಲದೆ ನಾಲ್ಕನ್ನು ಕೇಳುವ ಬಡವನಿಗೆ ಅದರಿಂದ ಅನ್ಯಾಯವಾದೀತು. ಒಂದೊಂದು ಗುಳಿಗೆಯ ಗೂಡಿನ ಹಿಂದೆಯೂ ಹೆಸರು, ಪ್ರಮಾಣ, ಅವಧಿ ಮುದ್ರಿತವಾಗಿರಲಿ. ಗುಳಿಗೆಯ ಮೈಮೇಲೆ ಒಂದು ಸಂಕೇತವಿರಲಿ. ಮಾರುವ ರಾಜ್ಯದ ಭಾಷೆಯಲ್ಲಿ ಹೆಸರಾದರೂ ಇರಲಿ. ಈಗಿರುವ ಕ್ಯೂಆರ್ ಕೋಡನ್ನು ಓದಿದಾಗ ಎಲ್ಲ ಭಾರತೀಯ ಭಾಷೆಗಳಲ್ಲೂ ವಿವರ ದೊರೆಯುವಂತಾಗಲಿ. ಈ ಕೊನೆಯದಕ್ಕೆ ಹೊದಿಕೆಯ ಮೇಲೆ ಒಂದಂಗುಲ ಜಾಗವೂ ಬೇಡ. ಪುಣೆಯಲ್ಲಿ ಕುಳಿತ ಕನ್ನಡದ ಅಜ್ಜಿಗೂ, ಬೆಳಗಾವಿಯಲ್ಲಿ ಕುಳಿತ ಮರಾಠಿ ಅಜ್ಜಿಗೂ ಅದು ಸಮನಾಗಿ ಸಲ್ಲುತ್ತದೆ. ಭಾಷೆಯ ಹೆಸರಿನಲ್ಲಿ ಕಾದಾಡುವವರು ಇಬ್ಬರೂ ಸೇರಿ ಕೇಳಬಹುದಾದ ಬೇಡಿಕೆ ಇದು.

ಸರ್ಕಾರದ ಕಡತ ಚಲಿಸುವ ವೇಗ ನನಗೆ ಚೆನ್ನಾಗಿ ಗೊತ್ತು. ಅಲ್ಲಿಯವರೆಗೆ ಮನೆಯಲ್ಲಿ ನಾವು ಮಾಡಬೇಕಾದದ್ದಿದೆ. ಗುಳಿಗೆಯನ್ನು ನುಂಗುವ ಹೊತ್ತಿನವರೆಗೆ ಸ್ಟ್ರಿಪ್ಪಿನಿಂದ ಬೇರ್ಪಡಿಸಬಾರದು. ಕತ್ತರಿಸಿ ತಂದಿದ್ದರೆ ಅಂಗಡಿಯಲ್ಲೇ ನಿಂತು ಹೆಸರು, ಅವಧಿಗಳನ್ನು ಲಕೋಟೆಯ ಮೇಲೆ ಬರೆಸಿಕೊಳ್ಳಬೇಕು. ಬಿಲ್ಲನ್ನು ಇಟ್ಟುಕೊಳ್ಳಬೇಕು, ನನ್ನ ತಾಯಿಯನ್ನು ಉಳಿಸಿದ್ದರಲ್ಲಿ ಆ ಬಿಲ್ಲಿನ ಪಾಲು ದೊಡ್ಡದು. ವಾರದ ಏಳು ದಿನಕ್ಕೆ ಏಳು ಗೂಡುಗಳಿರುವ ಡಬ್ಬಿಗಳು ಬಂದಿವೆ. ಮರೆವಿನ ಹಿರಿಯರಿಗೆ ಅವು ಉಪಯುಕ್ತವೇ. ಆದರೆ ಒಂದು ವಾರಕ್ಕೆ ಮಾತ್ರ ತುಂಬಬೇಕು, ಸ್ಟ್ರಿಪ್ಪನ್ನು ಪಕ್ಕದಲ್ಲೇ ಕಾದಿಡಬೇಕು. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಗುಳಿಗೆಯಂಥವನ್ನು ಮೂಲ ಶೀಶೆಯಿಂದ ಬೇರೆಡೆಗೆ ಹಾಕಿದರೆ ಅವು ಶಕ್ತಿಗುಂದುತ್ತವೆ. ಗುರುತು ಸಿಗದ ಬಿಡಿ ಗುಳಿಗೆಯನ್ನು ಎಷ್ಟೇ ದುಬಾರಿಯದೆಂಬ ಶಂಕೆಯಿದ್ದರೂ ನುಂಗಬಾರದು, ಇನ್ನೊಬ್ಬರಿಗೆ ಕೊಡಬಾರದು. ಬಳಸಿದ ಚಹಾಪುಡಿಯೊಡನೆ ಬೆರೆಸಿ, ಚೀಲ ಕಟ್ಟಿ ಕಸಕ್ಕೆ ಹಾಕುವುದೇ ಸರಿ. ತೀರಿಹೋದವರ ಔಷಧಿಗಳನ್ನು ಹದಿಮೂರನೆಯ ದಿನ ಕಳೆಯುವುದರೊಳಗೆ ಮನೆಯಿಂದ ಹೊರಹಾಕಬೇಕು. ಅದು ಅವರ ನೆನಪಿಗೆ ಅಗೌರವವಲ್ಲ.

ಯಾರಾದರೂ ತಪ್ಪು ಗುಳಿಗೆ ನುಂಗಿದ್ದಾರೆಂದು ಶಂಕೆ ಬಂದರೆ, ಲಕ್ಷಣ ಕಾಣಲೆಂದು ಕಾಯಬಾರದು. ಕೆಲವು ಔಷಧಿಗಳ ಪರಿಣಾಮ ಹಲವು ಗಂಟೆಗಳ ನಂತರ ತೋರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಶೀಶೆ, ಚೀಟಿ, ಬಿಲ್ಲುಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು, ನುಂಗಿದ ಹೊತ್ತನ್ನು ಬರೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ತುರ್ತು ಕರೆಗೆ 112 ಇದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 1995ರಿಂದ ಹಗಲಿರುಳು ನಡೆಯುತ್ತಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಅದರ ಶುಲ್ಕರಹಿತ ಸಂಖ್ಯೆ 1800 116 117.

ಇನ್ನು ಸಂಘದ ಮಾತು. ನವೆಂಬರ್ ಬಂದರೆ ತಾಯಿ ಭುವನೇಶ್ವರಿಯ ಚಿತ್ರವನ್ನು ಹೂವಿನಲ್ಲಿ ಮುಚ್ಚುವಷ್ಟು ಭಕ್ತಿ ನಮ್ಮಲ್ಲಿದೆ. ಸಭಾಂಗಣದ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತಿರುವ ತಾಯಂದಿರ ಕೈಚೀಲದಲ್ಲಿ ಏನಿದೆಯೆಂದು ನಾವು ಕೇಳಿಲ್ಲ. ನನ್ನ ಸಲಹೆ ದೊಡ್ಡದೇನಲ್ಲ. ಮೂರು ತಿಂಗಳಿಗೊಮ್ಮೆ, ಒಂದು ಭಾನುವಾರ, ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು, ಹಿರಿಯರು ಮನೆಯಲ್ಲಿರುವ ಔಷಧಿಗಳನ್ನೆಲ್ಲ ಚೀಲದಲ್ಲಿ ತರಲಿ. ನಮ್ಮ ಸದಸ್ಯರಲ್ಲಿ ವೈದ್ಯರಿದ್ದಾರೆ, ಔಷಧಶಾಸ್ತ್ರ ಓದಿದ ತರುಣ ತರುಣಿಯರಿದ್ದಾರೆ. ಅವರು ಸ್ಟ್ರಿಪ್ ನೋಡಿ, ಔಷಧಿಯ ಮೂಲ ಹೆಸರು, ಪ್ರಮಾಣ, ಯಾವ ಕಾಯಿಲೆಗೆ, ಯಾವ ಹೊತ್ತಿಗೆ ಎಂಬುದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡಲಿ. ಅದೇ ವಿವರ ಹಿಂಬದಿಯಲ್ಲಿ ಇಂಗ್ಲಿಷಿನಲ್ಲೂ ಇರಲಿ, ಆಸ್ಪತ್ರೆಯವರಿಗೆ ಬೇಕಾದೀತು. ಬಿಡಿ ಗುಳಿಗೆಗಳನ್ನು ಅವರು ಗುರುತಿಸಲು ಹೋಗದೆ, ಬೇರೆ ಡಬ್ಬಿಗೆ ಹಾಕಿ ಸರಿಯಾಗಿ ವಿಲೇವಾರಿ ಮಾಡಲಿ. ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಳಿಕ್ಕೋಡಿನಿಂದ ಆರಂಭಿಸಿ ಮನೆಗಳಲ್ಲಿ ಉಳಿದ ಔಷಧಿಗಳನ್ನು ಸಂಗ್ರಹಿಸುವ ಕೆಲಸ ಕೈಗೊಂಡಿದೆ. ಒಂದು ಸರ್ಕಾರ ಮಾಡುವುದನ್ನು ಒಂದು ಸಂಘ ತನ್ನ ಮಟ್ಟಿಗೆ ಮಾಡಬಾರದೆಂದೇನಿದೆ? ಹಾರ, ಶಾಲುಗಳ ಖರ್ಚಿನಲ್ಲಿ ಒಂದಂಶ ಇದಕ್ಕೆ ಸಾಕು. ಲೆಕ್ಕದವನಾಗಿ ಇದನ್ನು ಖಚಿತವಾಗಿ ಹೇಳಬಲ್ಲೆ.

ಈಗ ನಮ್ಮ ಮನೆಯ ಸ್ಟೀಲಿನ ಡಬ್ಬಿಯಲ್ಲಿ ಸಾಸಿವೆಯಿದೆ. ಅವ್ವನ ಗುಳಿಗೆಗಳು ಸ್ಟ್ರಿಪ್ ಸಮೇತ ಪ್ಲಾಸ್ಟಿಕ್ಕಿನ ಬುಟ್ಟಿಯೊಂದರಲ್ಲಿವೆ. ಒಂದೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ ಮೊಮ್ಮಗಳು ಕನ್ನಡದಲ್ಲಿ ಬರೆದಿದ್ದಾಳೆ: "ಆಮ್ಲೋಡಿಪಿನ್ 5, ಬಿಪಿಗೆ, ಮುಂಜಾನೆ ಒಂದು." ಪುಣೆಯಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿದ ಅವಳಿಗೆ ಒತ್ತಕ್ಷರಗಳು ಇನ್ನೂ ಸರಿಯಾಗಿ ಕೂಡುವುದಿಲ್ಲ. ಮೊದಲ ದಿನ "ಆಮ್ಲೋ" ಎನ್ನುವಲ್ಲಿ ಲಕಾರದ ಒತ್ತು ಬಿಟ್ಟುಹೋಗಿತ್ತು. ಅವ್ವ ಕನ್ನಡಕ ಏರಿಸಿ ಓದಿ, "ಇಲ್ಲಿ ಲ ಒತ್ತು ಬೇಕವ್ವಾ" ಎಂದು ತಿದ್ದಿಸಿದಳು. ತನ್ನ ಔಷಧಿಯ ಹೆಸರನ್ನು ಅವಳು ತಾನೇ ಓದಿದ್ದು ಅದೇ ಮೊದಲು.